ಒಂಬತ್ತು ಜನ, ಮೂರು ಕೋಣೆ, ಒಂದು ಹಡಗು

ತುಮಕೂರು ಸೀಮೆಯವರಿಗೆ ನೀರೆಂದರೆ ಕೆರೆ. ಕುಣಿಗಲ್‌ನವರು ತಮ್ಮ ದೊಡ್ಡಕೆರೆಯನ್ನೋ ಮಾರ್ಕೋನಹಳ್ಳಿ ಜಲಾಶಯವನ್ನೋ ತೋರಿಸುತ್ತಾರೆ. ಗುಬ್ಬಿಯವರು ಹೇಮಾವತಿ ನಾಲೆಗೆ ಈ ಸಲ ಯಾವಾಗ ನೀರು ಬಿಟ್ಟರು ಎಂಬ ಲೆಕ್ಕ ಹೇಳುತ್ತಾರೆ. ಕಡಲು ಬೇಕೆಂದರೆ ಶಿರಾಡಿ ಘಾಟಿ ಇಳಿಯಬೇಕು, ಒಂದು ಹಗಲಿನ ಹಾದಿ. ಆದರೂ ಈಗೀಗ ಮಕ್ಕಳ ರಜೆ ಹತ್ತಿರವಾದರೆ ಮನೆಗಳಲ್ಲಿ ‘ಕ್ರೂಸ್’ ಎಂಬ ಮಾತು ಏಳುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬೈಯಿಂದ ಯಾನ ಶುರುಮಾಡಿದಾಗ ಐಆರ್‌ಸಿಟಿಸಿ ಅದರ ಜೊತೆ ಕೈಜೋಡಿಸಿತು. ಅಂದರೆ, ಗುಬ್ಬಿಯಿಂದ ಹುಬ್ಬಳ್ಳಿಗೆ ಸ್ಲೀಪರ್ ಟಿಕೆಟ್ ತೆಗೆಯುವ ಸಂಸ್ಥೆಯ ಮೂಲಕವೇ ಹಡಗಿನ ಟಿಕೆಟ್ಟೂ ಸಿಗುವಂತಾಯಿತು.

ರೈಲಿನ ಟಿಕೆಟ್ ತೆಗೆದು ಪಳಗಿದವರು ಹಡಗಿನಲ್ಲಿ ಎಡವುವುದೂ ಇಲ್ಲೇ. ರೈಲಿನಲ್ಲಿ ನಾವು ತಲೆಗೊಂದು ಬರ್ತ್ ಕೊಳ್ಳುತ್ತೇವೆ. ಹಡಗಿನಲ್ಲಿ ಮಾರುವುದು ಕೋಣೆ. ದರ ತಲೆಗಿಷ್ಟು ಎಂದು ಬರೆದಿದ್ದರೂ, ಅದು ಒಂದು ಕೋಣೆಯಲ್ಲಿ ಇಬ್ಬರಿದ್ದಾರೆ ಎಂದುಕೊಂಡು ಬರೆದ ದರ. ಅದೇ ಕೋಣೆಗೆ ಮೂರನೆಯವರು, ನಾಲ್ಕನೆಯವರು ಸೇರಿದರೆ ಅವರಿಗೆ ಸಾಮಾನ್ಯವಾಗಿ ದರ ಕಡಿಮೆ. ಒಬ್ಬರೇ ಒಂದು ಕೋಣೆ ಹಿಡಿದರೆ ಇಲ್ಲದ ಎರಡನೆಯವರ ದುಡ್ಡನ್ನೂ ಬಹುಪಾಲು ಅವರೇ ಕಟ್ಟಬೇಕು. ದೊಡ್ಡ ಸಂಸಾರದ ಖರ್ಚು ಏರುವುದೂ ಇಳಿಯುವುದೂ ಈ ಒಂದು ನಿಯಮದಿಂದ.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಗುಬ್ಬಿಯಲ್ಲಿ ಅಜ್ಜಿ, ತಾತ. ತುಮಕೂರಿನ ಶಿರಾಗೇಟ್ ಕಡೆ ಮಗ, ಸೊಸೆ, ಹದಿನಾಲ್ಕರ ಮಗಳು, ಹತ್ತರ ಮಗ. ಕುಣಿಗಲ್‌ನಲ್ಲಿ ಮಗಳು, ಅಳಿಯ, ನಾಲ್ಕು ವರ್ಷದ ಕೂಸು. ಒಟ್ಟು ಒಂಬತ್ತು. ಲೆಕ್ಕ ಸುಲಭವಾಗಲೆಂದು ಮೊದಲ ಇಬ್ಬರಿಗೆ ತಲೆಗೆ 20,000 ರೂಪಾಯಿ, ಮೂರನೆಯ ಮತ್ತು ನಾಲ್ಕನೆಯವರಿಗೆ 12,000 ಎಂದಿಟ್ಟುಕೊಳ್ಳೋಣ. ಇದು ನಾನು ಹಾಕಿಕೊಂಡ ಅಂಕಿ, ಯಾವ ಕಂಪನಿಯ ದರಪಟ್ಟಿಯೂ ಅಲ್ಲ.

‘ಎರಡು ಕೋಣೆ ತುಂಬ ತುಂಬಿಸಿ, ಉಳಿದ ಒಬ್ಬರಿಗೆ ಇನ್ನೊಂದು’ ಎಂದು ಹೊರಟರೆ 4+4+1. ತುಂಬಿದ ಕೋಣೆ ಒಂದಕ್ಕೆ 64,000, ಎರಡಕ್ಕೆ 1,28,000. ಒಂಟಿ ಕೋಣೆಗೆ 40,000. ಒಟ್ಟು 1,68,000. ಅದರ ಬದಲು ಅವರವರ ಸಂಸಾರ ಅವರವರಿಗೆ ಎಂದು 4+3+2 ಮಾಡಿದರೆ 64, 52, 40 ಸೇರಿ 1,56,000. ಇನ್ನು 3+3+3 ಮಾಡಿ ನೋಡಿ: ಮೂರು ಸಲ 52,000, ಅದೂ 1,56,000! ಮೂರು ಕೋಣೆ ಎಂದು ಗೊತ್ತಾದ ಮೇಲೆ, ಯಾರೂ ಒಂಟಿಯಾಗದಿದ್ದರೆ, ಯಾರು ಎಲ್ಲಿ ಮಲಗಿದರೂ ಬಿಲ್ಲು ಬದಲಾಗುವುದಿಲ್ಲ. ದುಡ್ಡಿನ ಚಿಂತೆ ಅಲ್ಲಿಗೆ ಮುಗಿಯಿತು. ಉಳಿದದ್ದು ಯಾರ ಗೊರಕೆ ಯಾರಿಗೆ ಸಹಿಸುತ್ತದೆ ಎಂಬ ಪ್ರಶ್ನೆ.

ತಾತ ಮನೆಯಲ್ಲೇ ಉಳಿದು ಎಂಟೇ ಜನ ಹೊರಟರೆ? ಎರಡು ಕೋಣೆಗೆ 1,28,000, ಮೂರು ಕೋಣೆಗೆ 1,44,000. ವ್ಯತ್ಯಾಸ 16,000. ಆ ಹದಿನಾರು ಸಾವಿರಕ್ಕೆ ಸಿಗುವುದು ಇನ್ನೊಂದು ಕೋಣೆ ಎನ್ನುವುದಕ್ಕಿಂತ ಇನ್ನೊಂದು ಬಚ್ಚಲು ಎನ್ನಿ. ಎಂಟು ಜನ, ಎರಡು ಬಚ್ಚಲು, ಬೆಳಿಗ್ಗೆ ಎಂಟಕ್ಕೆ ಗೋವಾದಲ್ಲಿ ಇಳಿಯಬೇಕು. ಮದುವೆ ಛತ್ರದಲ್ಲಿ ಸ್ನಾನಕ್ಕೆ ಸರದಿ ನಿಂತವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು ರಾತ್ರಿಯ ಯಾನವಾದರೆ ಹೇಗೋ ನಡೆಯುತ್ತದೆ. ಐದು ರಾತ್ರಿಯಾದರೆ ನಾನಂತೂ ಆ ದುಡ್ಡು ಕೊಡುತ್ತೇನೆ.

ಕೋಣೆಯ ಅಳತೆಯನ್ನೂ ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಸಾಧಾರಣ ಕೋಣೆಯೆಂದರೆ ನೂರೈವತ್ತು ಚದರಡಿಯ ಆಸುಪಾಸು, ಅಂದರೆ ಮೂವತ್ತು–ನಲವತ್ತರ ಸೈಟಿನಲ್ಲಿ ಎಂಟನೆಯ ಒಂದು ಪಾಲು. ಬಚ್ಚಲೂ ಅದರೊಳಗೇ. ಹಳೆಯ ಹಡಗುಗಳಲ್ಲಿ ಅಷ್ಟೂ ಇರುವುದಿಲ್ಲ. ‘ಎಂಪ್ರೆಸ್’ 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಿಂದ ರಾಯಲ್ ಕೆರಿಬಿಯನ್ ಕಂಪನಿಗಾಗಿ ಯಾನ ಶುರುಮಾಡಿದ ಹಡಗು. ಆ ಕಾಲದ ಕೋಣೆಗಳು ಕಿರಿದು. ಕೆಳಗೆ ಎರಡು ಹಾಸಿಗೆ, ಬೇಕಾದರೆ ಕೂಡಿಸಬಹುದು, ಬಿಡಿಸಬಹುದು. ಮೂರನೆಯದು, ನಾಲ್ಕನೆಯದು ಗೋಡೆಯಿಂದಲೋ ಚಾವಣಿಯಿಂದಲೋ ಮಡಚಿ ಬಿಡಿಸುವ ಬಂಕ್. ಇದಕ್ಕೆ ‘ಪುಲ್‌ಮನ್’ ಎಂಬ ಹೆಸರು ಬಂದದ್ದು 1860ರ ದಶಕದಲ್ಲಿ ಮಲಗುವ ರೈಲುಡಬ್ಬಿಗಳನ್ನು ಕಟ್ಟಿದ ಅಮೆರಿಕದ ಜಾರ್ಜ್ ಪುಲ್‌ಮನ್‌ನಿಂದ. ರೈಲಿನ ಅಪ್ಪರ್ ಬರ್ತೇ ಹಡಗು ಹತ್ತಿದೆ ಎನ್ನಿ. ಏಣಿ ಹತ್ತಿ ಮಲಗಬೇಕು. ಅಜ್ಜಿ ತಾತನಿಗೆ ಬೇಡ, ನಾಲ್ಕು ವರ್ಷದ ಕೂಸಿಗೂ ಬೇಡ. ಆದ್ದರಿಂದ ಹದಿನಾಲ್ಕರ ಹುಡುಗಿಯನ್ನು ಅಜ್ಜಿ ತಾತನ ಕೋಣೆಯ ಬಂಕಿಗೆ ಕಳಿಸಿದರೆ 3+3+3 ತಾನಾಗಿ ಕೂಡಿಕೊಳ್ಳುತ್ತದೆ. ರಾತ್ರಿ ಮಾತ್ರೆ ತೆಗೆದುಕೊಡಲು ಮೊಮ್ಮಗಳೂ ಪಕ್ಕದಲ್ಲಿರುತ್ತಾಳೆ. ಹಸುಗೂಸಿರುವ ಮನೆಯವರು ಇನ್ನೊಂದು ಗಮನಿಸಬೇಕು: ಆರು ತಿಂಗಳು ತುಂಬದ ಮಗುವನ್ನು ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ, ತೊಟ್ಟಿಲಲ್ಲಿ ಮಲಗುವ ಮಗುವೂ ಕೋಣೆಯ ಲೆಕ್ಕದಲ್ಲಿ ಒಂದು ತಲೆ. ಆರು ತಿಂಗಳು ಸಮೀಪಿಸಿದ ಬಸುರಿಯರಿಗೂ ಪ್ರವೇಶವಿಲ್ಲ.

ನಾಲ್ಕು ಹಾಸಿಗೆಯ ಕೋಣೆ ಖಾಲಿಯಿದ್ದರೂ ‘ಮೂವರಿಗೆ ಮಾತ್ರ’ ಎಂದು ಕಂಪ್ಯೂಟರು ಹಟ ಹಿಡಿಯುವುದುಂಟು. ಏಜೆಂಟನ ಮೇಲೆ ರೇಗಬೇಡಿ. ಅದರ ಮೂಲ 1912ರ ಟೈಟಾನಿಕ್. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ಜನರಿದ್ದ ಆ ಹಡಗಿನ ಜೀವರಕ್ಷಕ ದೋಣಿಗಳಲ್ಲಿ ಜಾಗವಿದ್ದದ್ದು 1,178 ಜನರಿಗೆ. ಎರಡು ವರ್ಷದ ಮೇಲೆ, 1914ರಲ್ಲಿ, ಕಡಲಿನಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿತು. ಇಂದು ಹಡಗಿನ ಪ್ರತಿ ಭಾಗದವರಿಗೂ ಇಂಥಲ್ಲೇ ಸೇರಬೇಕು, ಇಂಥ ದೋಣಿಯನ್ನೇ ಹತ್ತಬೇಕು ಎಂದು ನಿಗದಿಯಿರುತ್ತದೆ. ಆ ಭಾಗದ ಲೆಕ್ಕ ಭರ್ತಿಯಾದರೆ ಹಾಸಿಗೆ ಉಳಿದಿದ್ದರೂ ಜನ ಸೇರಿಸುವಂತಿಲ್ಲ. ಅದಕ್ಕೇ ಮೂವರ, ನಾಲ್ವರ ಕೋಣೆಗಳು ಬೇಗ ತೀರುತ್ತವೆ. ಇಬ್ಬರು ಹೋಗುವವರು ಕೊನೆಗಳಿಗೆಯ ರಿಯಾಯಿತಿಗೆ ಕಾಯಬಹುದು, ಒಂಬತ್ತು ಜನ ಕಾಯಬಾರದು.

ಕಡಿಮೆ ದರದ ಕೋಣೆಯೆಂದರೆ ಕೆಳಗಿನ ಅಂತಸ್ತಿನ, ಕಿಟಕಿಯಿಲ್ಲದ ಒಳಗಿನ ಕೋಣೆ. ಇದನ್ನು ಕೇಳಿದೊಡನೆ ‘ಕಡಲು ನೋಡೋಕೆ ಹೋಗಿ ಗೋಡೆ ನೋಡೋದಾ?’ ಎನ್ನುವವರು ಇದ್ದೇ ಇರುತ್ತಾರೆ. ರಾತ್ರಿ ಕಿಟಕಿಯಾಚೆ ಕಾಣುವುದು ಬರೀ ಕತ್ತಲೆ ಎಂಬುದು ಒಂದು ಉತ್ತರ. ಅದಕ್ಕಿಂತ ಗಟ್ಟಿಯಾದ ಉತ್ತರ ಹೊಟ್ಟೆಯದು. ಹಡಗು ಹಿಂದೆ ಮುಂದೆಯೂ ಅಕ್ಕಪಕ್ಕವೂ ತೂಗುತ್ತದೆ. ಸಾರಿಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ತಲೆ ಚಾವಣಿಗೆ ಹೊಡೆಸಿಕೊಂಡವರಿಗೆ ನಡುವಿನ ಸೀಟಿನ ಬೆಲೆ ಗೊತ್ತು, ಹಡಗಿನಲ್ಲೂ ಹಾಗೆಯೇ. ಉದ್ದದಲ್ಲಿ ನಡುಮಧ್ಯ, ಎತ್ತರದಲ್ಲಿ ಕೆಳಗೆ, ಅಲ್ಲಿ ತೂಗಾಟ ಕಡಿಮೆ. ಮೇಲಿನ ಅಂತಸ್ತಿನ ಬಾಲ್ಕನಿ ಕೋಣೆಗೆ ಹೆಚ್ಚು ದುಡ್ಡು ಕೊಟ್ಟವರೇ ಹೆಚ್ಚು ತೂಗಾಡುತ್ತಾರೆ. ದೇವರಾಯನದುರ್ಗದ ತಿರುವಿನಲ್ಲೇ ನಿಂಬೆಹಣ್ಣು ಮೂಸುವವರು ಮನೆಯಲ್ಲಿದ್ದರೆ ಅಗ್ಗದ ಕೋಣೆಯೇ ಅವರಿಗೆ ಸರಿ.

ಹಾಗೆಂದು ಮೂರನ್ನೂ ಕತ್ತಲಕೋಣೆ ಮಾಡಿಕೊಳ್ಳಬೇಕಿಲ್ಲ. ಒಂದು ಕಿಟಕಿಯದು ಅಥವಾ ಬಾಲ್ಕನಿಯದು, ನಡುವಣ ಓಣಿಯ ಆಚೆ ಎದುರಿಗೇ ಎರಡು ಒಳಗಿನವು, ಇದು ಒಟ್ಟುಕುಟುಂಬಕ್ಕೆ ಹೇಳಿಮಾಡಿಸಿದ ಏರ್ಪಾಡು. ಕಿಟಕಿಯ ಕೋಣೆ ಅಜ್ಜಿ ತಾತನದು, ಹಗಲೆಲ್ಲ ಎಲ್ಲರ ಜಗಲಿಯೂ ಅದೇ. ಕಿಟಕಿಯ ಮುಂದೆ ಜೀವರಕ್ಷಕ ದೋಣಿ ತೂಗುಹಾಕಿದ ಕೋಣೆಗಳು ಇನ್ನೂ ಅಗ್ಗ. ಕಡಲು ಅರ್ಧ ಕಂಡರೂ ಬೆಳಕಿಗೆ ಮೋಸವಿಲ್ಲ. ಒಳಬಾಗಿಲಿನಿಂದ ಒಂದಕ್ಕೊಂದು ಕೂಡಿಕೊಂಡ ಜೋಡಿಕೋಣೆಗಳೂ ಇರುತ್ತವೆ. ‘ಪಕ್ಕಪಕ್ಕದ ಕೋಣೆ’ ಎಂದರೆ ಅದಲ್ಲ, ಬಾಗಿಲಿದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಕೋಣೆಯ ನಂಬರು ಹೇಳದೆ ‘ಯಾವುದೋ ಒಂದು ಕೊಡುತ್ತೇವೆ’ ಎಂದು ದರ ಇಳಿಸಿ ಮಾರುವ ಟಿಕೆಟ್ಟುಗಳ ಸಹವಾಸ ಮಾತ್ರ ದೊಡ್ಡ ಸಂಸಾರಕ್ಕೆ ಬೇಡ. ಕೂಸು ಮೂರನೆಯ ಅಂತಸ್ತಿನಲ್ಲಿ, ಅದರ ಅಜ್ಜಿ ಒಂಬತ್ತನೆಯದರಲ್ಲಿ ಆದರೆ ಯಾನವೆಲ್ಲ ಲಿಫ್ಟಿನ ಮುಂದೆಯೇ ಕಳೆದುಹೋಗುತ್ತದೆ. ಹಡಗಿನ ನಕ್ಷೆ ಕೇಳಿ ಪಡೆದು, ನಿಮ್ಮ ಕೋಣೆಯ ಮೇಲೂ ಕೆಳಗೂ ಏನಿದೆ ನೋಡಿ. ಮೇಲೆ ಈಜುಕೊಳವಿದ್ದರೆ ಬೆಳಗಾಗುವ ಮೊದಲೇ ಕುರ್ಚಿ ಎಳೆಯುವ ಸದ್ದು, ಕೆಳಗೆ ರಂಗಮಂದಿರವಿದ್ದರೆ ನಡುರಾತ್ರಿಯವರೆಗೆ ಕುಣಿತ.

ರಂಗಮಂದಿರವೆಂದಾಗ ಗುಬ್ಬಿ ನಾಟಕ ಕಂಪನಿ ನೆನಪಾಗದೆ ಇರದು. 1884ರಲ್ಲಿ ಹುಟ್ಟಿದ ಆ ಮಂಡಳಿ ನಟನಟಿಯರನ್ನೂ ಪರದೆ ಪರಿಕರಗಳನ್ನೂ ಹೊತ್ತು ಊರೂರು ತಿರುಗಿತು. ಯಾರನ್ನು ಎಲ್ಲಿ ಮಲಗಿಸಬೇಕೆಂಬ ಲೆಕ್ಕ ಗುಬ್ಬಿಯ ಮಣ್ಣಿಗೆ ಹೊಸದಲ್ಲ.

ಕೋಣೆ ಅಗ್ಗವಾದ ಮಾತ್ರಕ್ಕೆ ಪ್ರಯಾಣ ಅಗ್ಗವಾಗುವುದಿಲ್ಲ. ಊಟ ದರದಲ್ಲೇ ಸೇರಿರುತ್ತದೆ, ನಮ್ಮ ಬಂದರುಗಳಿಂದ ಹೊರಡುವ ಹಡಗಿನಲ್ಲಿ ಸಸ್ಯಾಹಾರಕ್ಕೆ ತೊಂದರೆಯಿಲ್ಲ, ಜೈನ ಊಟವೂ ಇರುತ್ತದೆ. ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಯ ಭಕ್ಷೀಸು, ಇಂಟರ್‌ನೆಟ್ಟು, ದಡದ ಸುತ್ತಾಟ ಇವು ಬೇರೆ. ಇವುಗಳಲ್ಲಿ ಹೆಚ್ಚಿನವು ತಲೆಲೆಕ್ಕ. ಮೂರನೆಯವರಿಗೆ ಕೊಟ್ಟ ರಿಯಾಯಿತಿ ಇಲ್ಲಿ ನಡೆಯುವುದಿಲ್ಲ. ಬೆಂಕಿಯ ಭಯದಿಂದ ಕೆಟಲ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಒಯ್ಯುವಂತಿಲ್ಲ. ತಾತನ ರಾತ್ರಿಯ ಮುದ್ದೆಗೆ ಅಷ್ಟು ದಿನ ರಜೆ.

ಇನ್ನೂ ಸರಳವಾದದ್ದು ಬೇಕೆಂದರೆ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಸರ್ಕಾರಿ ಹಡಗುಗಳಿವೆ. ವಿಶಾಖಪಟ್ಟಣದಲ್ಲಿ ಕಟ್ಟಿದ, 700 ಜನ ಹಿಡಿಸುವ ‘ಎಂ.ವಿ. ಕವರತ್ತಿ’ಯಲ್ಲಿ ಇಬ್ಬರ ಕೋಣೆಗಳೂ ನಾಲ್ವರ ಕೋಣೆಗಳೂ ಇವೆ. ಲಕ್ಷದ್ವೀಪ ಆಡಳಿತದ ಪ್ರವಾಸ ಸಂಸ್ಥೆ ‘ಸ್ಪೋರ್ಟ್ಸ್’ ನಡೆಸುವ ‘ಸಮುದ್ರಂ’ ಯಾನದಲ್ಲಿ ರಾತ್ರಿ ಹಡಗಿನಲ್ಲಿ ಮಲಗಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಕಳೆಯುವುದು ಕ್ರಮ. ಕುಣಿತ ಇಲ್ಲಿಲ್ಲ. ದ್ವೀಪಕ್ಕೆ ಪರವಾನಗಿ ಬೇಕು. ಹಡಗು ದೂರದಲ್ಲಿ ನಿಂತು, ಅಲುಗುವ ಸಣ್ಣ ದೋಣಿಗೆ ಇಳಿಯಬೇಕಾಗುವುದೂ ಉಂಟು. ಮಂಡಿನೋವಿನ ಅಜ್ಜಿಯನ್ನು ಹೊರಡಿಸುವ ಮೊದಲು ಇದನ್ನು ಹೇಳಿಬಿಡಬೇಕು. ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಮುನಿಯುತ್ತದೆ, ಆ ತಿಂಗಳುಗಳಲ್ಲಿ ‘ಎಂಪ್ರೆಸ್’ ಕೂಡ ಚೆನ್ನೈ ಕಡೆಗೆ ಸರಿಯುತ್ತದೆ. ನಮ್ಮ ದಸರಾ ರಜೆಯ ಹೊತ್ತಿಗೆ ಪಶ್ಚಿಮದ ಕಡಲು ತಣ್ಣಗಾಗಿರುತ್ತದೆ. ಕ್ರಿಸ್‌ಮಸ್ ವಾರ ದರ ಆಕಾಶಕ್ಕೇರುತ್ತದೆ, ಅದನ್ನು ಬಿಟ್ಟುಬಿಡಿ.

ಬುಕ್ ಮಾಡುವಾಗ ಒಂದೊಂದು ಕೋಣೆಗೂ ಒಬ್ಬ ಹಿರಿಯರ ಹೆಸರು ಬೇಕು. ಹತ್ತಿದ ಮೇಲೆ ಮಕ್ಕಳು ಕೋಣೆ ಬದಲಿಸಿ ಮಲಗಿದರೂ, ಅಪಾಯದ ಗಂಟೆ ಬಾರಿಸಿದರೆ ಅವರವರ ಕಾರ್ಡಿನಲ್ಲಿ ಬರೆದ ಜಾಗಕ್ಕೇ ಹೋಗಬೇಕು. ಇದನ್ನು ಮೊದಲ ದಿನದ ಕವಾಯತಿನಲ್ಲೇ ಹುಡುಗರಿಗೆ ತೋರಿಸಿಡಿ. ಮೂರೂ ಕೋಣೆಯ ಬುಕಿಂಗ್ ನಂಬರುಗಳನ್ನು ಕೂಡಿಸಲು ಹೇಳಿದರೆ ಊಟದ ಮೇಜು ಒಟ್ಟಿಗೆ ಸಿಗುತ್ತದೆ. ಕೊನೆಗೆ ಹೆಸರು. ನಮ್ಮಲ್ಲಿ ಆಧಾರಿನಲ್ಲಿ ಇನಿಷಿಯಲ್ಲು ಹಿಂದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಊರಿನ ಹೆಸರಾಗಿ ಮುಂದೆ, ಟಿಕೆಟ್ಟಿನಲ್ಲಿ ಅಳಿಯ ಬಾಯಲ್ಲಿ ಹೇಳಿದ್ದು. ಗೋವಾಕ್ಕೆ ಗುರುತಿನ ಚೀಟಿ ಸಾಕು, ಲಕ್ಷದ್ವೀಪಕ್ಕೆ ಅದರ ಜೊತೆ ಪರವಾನಗಿಯೂ ಬೇಕು, ಶ್ರೀಲಂಕಾದಂಥ ಹೊರದೇಶದ ಯಾನಕ್ಕೆ ಪಾಸ್‌ಪೋರ್ಟೇ ಬೇಕು. ಯಾವುದನ್ನು ತೋರಿಸುತ್ತೀರೋ ಅದರಲ್ಲಿರುವ ಕಾಗುಣಿತವನ್ನೇ ಟಿಕೆಟ್ಟಿಗೆ ಹಾಕಿಸಿ. ಬಂದರಿನ ಬಾಗಿಲಲ್ಲಿ ತಾತನನ್ನು ನಿಲ್ಲಿಸಿದರೆ ಉಳಿದ ಎಂಟು ಜನವೂ ಪೆಟ್ಟಿಗೆ ಇಳಿಸಿ ಅಲ್ಲೇ ನಿಲ್ಲುತ್ತಾರೆ.