ಹುಟ್ಟಿಗೆ ಕಟ್ಟಿದ ಅಪರಾಧದ ಅಂಕೆ

ಬಂದಿಯ ಮುಂದಿನ ನಡತೆಯನ್ನು ಅಂಕೆಗಳಿಂದ ಮೊದಲೇ ಅಳೆಯುವ ಸಾಧನಗಳು ಅಮೇರಿಕಾ ದೇಶದಲ್ಲಿ ರೂಢಿಯಲ್ಲಿವೆ. ಅವುಗಳಲ್ಲೊಂದಾದ 'ಕಾಂಪಾಸ್' 137 ಪ್ರಶ್ನೆಗಳನ್ನು ಹಾಕುತ್ತದೆ. ಮೈಬಣ್ಣವನ್ನು ಮಾತ್ರ ಕೇಳುವುದಿಲ್ಲ. ಆದರೂ ಫ್ಲೋರಿಡಾ ಸಂಸ್ಥಾನದ 7,000ಕ್ಕೆ ಮಿಕ್ಕ ಆರೋಪಿಗಳ ಲೆಕ್ಕವನ್ನು 2016ರಲ್ಲಿ ಪ್ರೊಪಬ್ಲಿಕಾ ಪತ್ರಕರ್ತರು ಶೋಧಿಸಲಾಗಿ, ಮುಂದೆ ತಪ್ಪೇ ಮಾಡದ ಕರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಯನ್ನೂ, ಅಂಥವರೇ ಆದ ಬಿಳಿಯರಲ್ಲಿ ಸುಮಾರು 23 ಮಂದಿಯನ್ನೂ ಅದು ಅಪಾಯಕಾರಿಗಳೆಂದು ಎಣಿಸಿದ್ದುದು ಹೊರಬಿದ್ದಿತು. ಒಂದೇ ಅಂಕೆ ಪಡೆದ ಉಭಯ ವರ್ಣದವರೂ ಸಮಪ್ರಮಾಣದಲ್ಲಿ ಮರಳಿ ಅಪರಾಧಕ್ಕಿಳಿಯುತ್ತಾರೆಂದು ತಯಾರಕರು ಸಮಾಧಾನ ಹೇಳಿದರು. ಆ ಮಾತನ್ನು ಒಪ್ಪೋಣ. ತಪ್ಪೆಣಿಕೆಯ ಹೊರೆಯನ್ನು ಹೊತ್ತವರಾರೆಂಬುದಕ್ಕೆ ಅದು ಉತ್ತರವಲ್ಲ.

ಇದು ದೂರದ ಸಂಗತಿಯೆಂದು ವಾಚಕ ಮಹಾಶಯರು ಪತ್ರಿಕೆಯನ್ನು ಮಡಿಚಿಡಬಾರದು. ಯಂತ್ರವಿಲ್ಲದೆಯೇ ನಮ್ಮವರ ಮೇಲೆ ಇದೇ ಗಣಿತ ನಡೆದಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟನ್ನೇ ರುಜುವಾತನ್ನಾಗಿ ಮಾಡಿತು. ಗಂಟಿಚೋರರು, ಕೊರವರು, ಹರಣಶಿಕಾರಿಗಳು ಮುಂತಾದವರು ಹಾಜರಿ ಕೊಡಬೇಕು. ರಹದಾರಿಯಿಲ್ಲದೆ ಊರು ಬಿಡಕೂಡದು. ಹುಬ್ಬಳ್ಳಿಯಲ್ಲಿಯೂ ಗದಗದಲ್ಲಿಯೂ ತಂತಿಬೇಲಿಯ ವಸಾಹತುಗಳೆದ್ದವು. 'ಸೆಟ್ಲಮೆಂಟ್' ಎಂಬ ಹೆಸರು ಅಲ್ಲಿ ಇಂದಿಗೂ ಅಳಿದಿಲ್ಲ. ಹಾಜರಿ ತಪ್ಪಿದರೆ ಶಿಕ್ಷೆ, ಶಿಕ್ಷೆಯಾದ್ದರಿಂದ ಅಪರಾಧಿ, ಅಪರಾಧಿಗಳು ಹೆಚ್ಚಿದ್ದರಿಂದ ಕುಲವೇ ಕಳ್ಳಕುಲ! ಎಂಥ ತರ್ಕ!

1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ಆದರೆ ನಮ್ಮಲ್ಲಿ 1961ರಲ್ಲಿ ರೂಢಿಗತ ಅಪರಾಧಿಗಳ ಕಾಯಿದೆ ಬಂದಿತು. ಸೆರೆಮನೆಯ ಕೈಪಿಡಿಗಳಲ್ಲಿ ಹಳೆಯ ಸಂಶಯವು ಎಷ್ಟು ಭದ್ರವಾಗಿ ಕುಳಿತಿತ್ತೆಂದರೆ, ಜಾತಿ ನೋಡಿ ಕೆಲಸ ಹಂಚುವ, ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳೆಂದು ಬಗೆಯುವ ನಿಯಮಗಳನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ದಾಖಲೆ ಪುಸ್ತಕದ ಜಾತಿಯ ಕಲಮನ್ನೂ ಅಳಿಸಲು ಅಪ್ಪಣೆಯಾಯಿತು.

ಅದು ಸರಿಯೇ. ಆದರೆ ಕಲಮು ಅಳಿದೊಡನೆ ಪಕ್ಷಪಾತ ಅಳಿಯುವುದೆಂಬ ಭರವಸೆ ನಮಗಿಲ್ಲ. ಬಣ್ಣ ಕೇಳದ ಯಂತ್ರದ ಕಥೆಯನ್ನು ಈಗತಾನೆ ನೋಡಿದೆವು. ಕೇಂದ್ರ ಸರಕಾರದ 2023ರ ಮಾದರಿ ಕಾರಾಗೃಹ ಕಾಯಿದೆಯು ಬಂದಿಗಳ ಅಪಾಯವನ್ನು ಅಳೆದು ವಿಂಗಡಿಸಲು ಹೇಳುತ್ತದೆ. ಆ ಅಳತೆಗೋಲು ನಾಳೆ "ವರ್ಷದಲ್ಲಿ ಎಷ್ಟು ಸಲ ವಾಸ ಬದಲಿಸಿದೆ?" ಎಂದು ಕೇಳಿದರೆ, ಬಾಗಲವಾಡದ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಕೂಲಿಯವನು ಏನು ಹೇಳಬೇಕು? ಮಳೆ ಕೈಕೊಟ್ಟದ್ದಕ್ಕೂ ಅವನ ಹೆಸರಿಗೇ ಅಂಕೆ ಬೀಳಬೇಕೆ? ಪೋಲೀಸರು ಹಿಂದೆ ಎಷ್ಟು ಸಲ ಹಿಡಿದರೆಂದು ಕೇಳಿದರೆ, ಹಳೆಯ ಪಟ್ಟಿಯನ್ನು ಹಿಡಿದು ಪದೇಪದೇ ಠಾಣೆಗೆ ಕರೆಯಲ್ಪಟ್ಟವನ ಗತಿಯೇನು?

ಅಧಿಕಾರಿಗಳನ್ನು ನಾವು ಕೇಳುವುದಿಷ್ಟೆ: ಯಾವ ಪ್ರಶ್ನೆಗೆ ಎಷ್ಟು ಅಂಕೆಯೆಂಬುದು ಪ್ರಕಟವಾಗಲಿ, ಬಂದಿಗೆ ತನ್ನ ಅಂಕೆಯನ್ನು ನೋಡಿ ಆಕ್ಷೇಪಿಸುವ ಹಕ್ಕಿರಲಿ, ಯಾವ ಸಮುದಾಯದವರ ವಿಷಯದಲ್ಲಿ ಎಣಿಕೆ ಎಷ್ಟು ಸಲ ತಪ್ಪಿತೆಂಬ ಲೆಕ್ಕವು, ಜೈಲರನ ಕೈಗೆ ಸಿಗದಂತೆ ಪ್ರತ್ಯೇಕವಾಗಿಟ್ಟು, ವರ್ಷಕ್ಕೊಮ್ಮೆ ವಿಧಾನಮಂಡಲದ ಮುಂದೆ ಬರಲಿ.