ಕಾಣದ ಕಳ್ಳನಿಗೆ ಹಸಿರು ಕಂದೀಲು

ಜತ್ತ ತಾಲೂಕಿನಲ್ಲಿ ದಾಳಿಂಬೆ ಹಚ್ಚಿದವರಿಗೆ ತೇಲ್ಯಾ ರೋಗ ಅಂದರೆ ಎದಿ ಧಸಕ್ಕಂತದ. ನನ್ನ ಎರಡೆಕರೆಯಲ್ಲಿ ಅರ್ಧ ತೋಟ ಅದಕ್ಕೇ ಹೋಯಿತು. ಕಾಯಿಯ ಮೇಲೆ ಎಣ್ಣೆ ಚುಕ್ಕಿ ಕಾಣುವಷ್ಟರಲ್ಲಿ ರೋಗಾಣು ಒಳಹೊಕ್ಕು ಎಷ್ಟೋ ದಿನವಾಗಿರುತ್ತದೆ. ಈ ಕಳ್ಳನನ್ನು ನುಗ್ಗುವಾಗಲೇ ನೋಡಲು ಬರುತ್ತದೇನವ್ವಾ ಎಂದು ಬಿ.ಎಸ್ಸಿ. ಓದುವ ಮಗಳನ್ನು ಕೇಳಿದೆ. ಆಕೆ ಸಮುದ್ರದ ಕಥೆ ತೆಗೆದಳು.

1962ರಲ್ಲಿ ಜಪಾನಿನ ವಿಜ್ಞಾನಿ ಒಸಾಮು ಶಿಮೊಮುರಾ ಜೆಲ್ಲಿ ಮೀನಿನಲ್ಲಿ ಒಂದು ಪ್ರೋಟೀನು ಕಂಡರು. ನಮ್ಮ ಮಿಣುಕುಹುಳ, ತೆಲುಗಿನ ಮಿಣುಗುರು, ತನ್ನೊಳಗೇ ಬೆಳಕು ಹುಟ್ಟಿಸುತ್ತದೆ. ಇದು ಹಾಗಲ್ಲ, ನೀಲಿ ಬೆಳಕು ನುಂಗಿ ಹಸಿರು ಉಗುಳುತ್ತದೆ. 238 ಅಮೈನೋ ಆಮ್ಲಗಳ ಸರ ಅದು. ಅದರ 11 ಎಳೆಗಳು ಸುತ್ತುಗಟ್ಟಿ ಪೀಪಾಯಿಯಾಗಿವೆ. ನಡುವೆ ಮೂರೇ ಮಣಿ ಕೂಡಿ ಬತ್ತಿಯಾಗಿದೆ. ಕಂದೀಲು ಅನ್ನಿರಿ. ಪೀಪಾಯಿ ಬಿಚ್ಚಿಕೊಂಡರೆ ಬೆಳಕು ಹೋಯಿತು.

2004ರಲ್ಲಿ ಜಪಾನಿನವರೇ ಹವಳದ ಪ್ರೋಟೀನಿನಿಂದ ‘ಡ್ರೋನ್ಪಾ’ ಮಾಡಿದರು. ಜೋರಾಗಿ ನೀಲಿ ಬೆಳಕು ಬಿಟ್ಟರೆ ಅದರ ಬತ್ತಿ ಮಗ್ಗುಲು ಬದಲಿಸಿ ಆರುತ್ತದೆ. ನೇರಳೆ ಬೆಳಕು ತಾಕಿಸಿದರೆ ಮೊದಲಿನ ಮಗ್ಗುಲಿಗೆ ಬಂದು ಮತ್ತೆ ಬೆಳಗುತ್ತದೆ. ನಮ್ಮ ಪಂಪಿನ ಕರೆಂಟಿಗಿಂತ ಮಾತು ಕೇಳ್ತದ ಬಿಡು ಅಂದೆ. ಮಗಳು ನಕ್ಕಳು.

ಇಂಥ ಪ್ರೋಟೀನಿನ ಜೀನನ್ನು ರೋಗಾಣುವಿಗೆ ಸೇರಿಸಿದರೆ, ಅದು ಎಲೆಯೊಳಗೆ ಹೊಕ್ಕ ದಾರಿ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಕಾಣುತ್ತದೆ. ತೇಲ್ಯಾ ತರುವ ಜಾಂತೊಮೊನಾಸ್ ಕುಲದ ಬ್ಯಾಕ್ಟೀರಿಯಾಗಳನ್ನು ಹೀಗೇ ಬೆನ್ನಟ್ಟಿದ್ದಾರೆ. ಎಲೆಯ ಉಸಿರುಗಂಡಿ, ಗಾಯ ಇವೇ ಅವುಗಳ ಬಾಗಿಲು. ಆದರೆ ಈ ಕಂದೀಲು ಪ್ರಯೋಗಾಲಯದಲ್ಲಿ ಸಾಕಿದ ರೋಗಾಣುವಿಗಷ್ಟೆ. ನನ್ನ ತೋಟದ್ದು ಕತ್ತಲಲ್ಲೇ ಬರುತ್ತದೆ. ಅದಕ್ಕೇ ಈ ಸಲ ಮಳೆಗಾಲದ ಮೃಗ ಬಹಾರ ಬಿಟ್ಟು ಹಸ್ತ ಬಹಾರ ಹಿಡಿದಿದ್ದೇನೆ. ಗಿಡ ಗಿಡಕ್ಕೂ ಕತ್ತರಿಯನ್ನು ಔಷಧಿಯಲ್ಲಿ ಅದ್ದಿಯೇ ಟೊಂಗೆ ಸವರುತ್ತಿದ್ದೇನೆ.