ಕೂಪನ್ ಇದೆ ಅಂತ ಬಿಲ್ ಏರಿಸ್ಬೇಡಿ: ಉಳಿತಾಯದ ಅಸಲಿ ಲೆಕ್ಕ ಇಲ್ಲಿದೆ

ತಿಂಗಳ ದಿನಸಿಗೆ ಸೂಪರ್ ಮಾರ್ಕೆಟ್‌ಗೆ ಹೋದರೆ ಕೂಪನ್, ಪಾಯಿಂಟ್ಸ್ ಎರಡೂ ಸಿಗುತ್ತವೆ. ಆದ್ರೆ ನಿಜಕ್ಕೂ ಉಳಿಯೋದು ಎಷ್ಟು?

1500 ರೂ. ಬಿಲ್‌ಗೆ 100 ರೂ. ಕೂಪನ್ ಇದೆ ಅಂದುಕೊಳ್ಳಿ. ಮನೆಗೆ ಬೇಕಿರೋದು 1200 ರೂ. ಸಾಮಾನು. ಕೂಪನ್‌ಗೋಸ್ಕರ ಬೇಡದ 300 ರೂ. ಸಾಮಾನು ಸೇರಿಸಿದರೆ ಕಟ್ಟೋದು 1400 ರೂ. ಅಂದ್ರೆ 100 ಉಳಿಯಲಿಲ್ಲ, 200 ಹೆಚ್ಚಿಗೆ ಹೋಯ್ತು.

ಪಾಯಿಂಟ್ಸ್ ಕಥೆಯೂ ಅಷ್ಟೇ. 100 ರೂ.ಗೆ 1 ಪಾಯಿಂಟ್, ಅದರ ಬೆಲೆ 50 ಪೈಸೆ ಇದ್ದರೆ 4000 ರೂ. ಖರೀದಿಗೆ ಸಿಗೋದು ಬರೀ 20 ರೂ. ಅವಧಿ ಮುಗಿದರೆ ಅದೂ ಇಲ್ಲ.

ಹೀಗೆ ಮಾಡಿ: ಮನೆಯಲ್ಲೇ ಚೀಟಿ ಬರೆದುಕೊಂಡು ಹೋಗಿ. ಚೀಟಿಯಲ್ಲಿರೋ ಸಾಮಾನಿಗೆ ಮಾತ್ರ ಕೂಪನ್ ಬಳಸಿ. ಪಕ್ಕದ ಕಿರಾಣಿ ಅಂಗಡಿ ರೇಟೂ ಕೇಳಿ. ಎಂಆರ್‌ಪಿಗಿಂತ ಜಾಸ್ತಿ ತಗೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಬಿಲ್ ಇಟ್ಟುಕೊಂಡಿರಿ.